ಅವಸರದ ಒಂದು ಗಂಟೆ, ತಾಳ್ಮೆಯ ಎರಡು ದಿನ

(ಮಿದುಳಿನೊಳಗಿನ ರಕ್ತಸ್ರಾವದ ಚಿಕಿತ್ಸೆ ಮತ್ತು ಫಲದ ಕುರಿತು ಮಂಗಳೂರಿನ ಪಂಪ್‌ವೆಲ್‌ನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಇರಿಸಿದ ಮಕ್ಕಳು ತಮ್ಮ ತಾಯಿಯನ್ನು ಮಿದುಳಿನ ರಕ್ತಸ್ರಾವದಲ್ಲಿ ಕಳೆದುಕೊಂಡವರು. ಉಪನ್ಯಾಸಕ್ಕೆ ಅವರು ಹಾಕಿದ ಷರತ್ತು ಒಂದೇ: ಮಾತು ಕನ್ನಡದಲ್ಲಿರಬೇಕು, ಐಸಿಯು ಬಾಗಿಲಿನ ಹೊರಗೆ ಕುಳಿತವರಿಗೆ ಅರ್ಥವಾಗಬೇಕು. ನರಶಸ್ತ್ರಚಿಕಿತ್ಸಕನಾಗಿ ಆ ಬಾಗಿಲಿನ ಒಳಗೆ ಮೂವತ್ತು ವರ್ಷ ಕಳೆದಿದ್ದೇನೆ. ಹೊರಗಿನ ಬೆಂಚಿನವರೊಡನೆ ನಿಂತು ಎರಡು ಮಾತಾಡಿದ್ದೇನೆಯೇ ಹೊರತು ಇಷ್ಟು ಹೊತ್ತು ಕುಳಿತು ಮಾತಾಡಿದ್ದಿಲ್ಲ. ಆ ಋಣವನ್ನು ಇಂದು ಒಂದಿಷ್ಟು ತೀರಿಸಲು ನೋಡುತ್ತೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ನಾವು ಅವಸರ ಮಾಡಬೇಕಾದಲ್ಲಿ ತಡಮಾಡುತ್ತೇವೆ, ತಾಳಬೇಕಾದಲ್ಲಿ ಅವಸರಿಸುತ್ತೇವೆ. ಚಿಕಿತ್ಸೆಯ ಮೊದಲ ಗಂಟೆಗೆ ಅವಸರ ಬೇಕು. "ಇನ್ನು ಉಳಿಯುವುದಿಲ್ಲ" ಎಂದು ತೀರ್ಮಾನಿಸಲು ಕಡಿಮೆಯೆಂದರೆ ಎರಡು ದಿನದ ತಾಳ್ಮೆ ಬೇಕು. ಇವೆರಡೂ ಅದಲುಬದಲಾದಾಗ ಬದುಕಬಹುದಾದವರೂ ಉಳಿಯುವುದಿಲ್ಲ.

ಸೈರನ್ ಬರುವ ದಾರಿ

ಪಂಪ್‌ವೆಲ್‌ನಲ್ಲಿ ವಾಸವಿರುವವರಿಗೆ ಆಂಬುಲೆನ್ಸಿನ ಸದ್ದು ಮಳೆಗಾಲದ ಕಪ್ಪೆಯ ಸದ್ದಿನಷ್ಟೇ ಪರಿಚಿತ. ತೆಂಕಣದಿಂದ ಕಾಸರಗೋಡು, ಮಂಜೇಶ್ವರ, ತಲಪಾಡಿ, ತೊಕ್ಕೊಟ್ಟು ದಾಟಿ ನೇತ್ರಾವತಿ ಸೇತುವೆಯ ಮೇಲಿಂದ ಬರುವ ಹೆದ್ದಾರಿ 66 ಇಲ್ಲಿಗೆ ಬರುತ್ತದೆ. ಬೆಳ್ತಂಗಡಿ, ಪುತ್ತೂರು, ಸುಳ್ಯದ ಕಡೆಯ ವಾಹನಗಳು ಬಿ.ಸಿ. ರೋಡ್, ಫರಂಗಿಪೇಟೆ, ಪಡೀಲ್ ದಾಟಿ ಇಲ್ಲಿಗೇ ಬರುತ್ತವೆ. ಪಕ್ಕದ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಔಷಧ ಕೊಡಲು ಕುಳಿತ ಕಾಲದಿಂದಲೂ, ಅದಕ್ಕೂ ಮೊದಲು 1848ರಲ್ಲಿ ಶುರುವಾದ ಇಂದಿನ ವೆನ್ಲಾಕ್ ಆಸ್ಪತ್ರೆಯ ಕಾಲದಿಂದಲೂ, ಗಟ್ಟದ ಬುಡದಿಂದ ಕಡಲಿನವರೆಗೆ ರೋಗಿಗಳು ಮಂಗಳೂರಿನ ಕಡೆಗೇ ನಡೆದವರು.

ಪಂಪ್‌ವೆಲ್ ವೃತ್ತದ ಮೇಲುಸೇತುವೆಯ ಕೆಲಸ 2010ರಲ್ಲಿ ಶುರುವಾಯಿತು; ಸೇತುವೆ 2020ರ ಜನವರಿ 31ರಂದು ವಾಹನಗಳಿಗೆ ತೆರೆಯಿತು. ಆ ಹತ್ತು ವರ್ಷ ನಾವೆಲ್ಲ ಇಲ್ಲಿ ಕಾದವರೇ. ದಾರಿ ಸುಗಮವಾಯಿತು ಎಂದುಕೊಂಡ ಎರಡೇ ತಿಂಗಳಲ್ಲಿ, ಕೊರೊನಾದ ಲಾಕ್‌ಡೌನಿನಲ್ಲಿ, ತಲಪಾಡಿಯ ಗಡಿ ಮುಚ್ಚಿತು. ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು, ಹಿಂದಿರುಗಿದವು. ದಾರಿ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಿಗೆಯಾಯಿತು. ಸರಿ ತಪ್ಪುಗಳನ್ನು ಮತ್ತೆ ಕೆದಕಲು ಈ ಮಾತು ಹೇಳುತ್ತಿಲ್ಲ. ಒಂದು ಊರಿನ ಮಿದುಳಿಗೂ ಇನ್ನೊಂದು ಊರಿನ ಸ್ಕ್ಯಾನ್ ಯಂತ್ರಕ್ಕೂ ನಡುವಿನ ಸುಮಾರು 50 ಕಿಲೋಮೀಟರ್ ರಸ್ತೆ ಚಿಕಿತ್ಸೆಯದೇ ಒಂದು ಭಾಗ ಎಂಬುದು ಆ ಹದಿನೈದು ದಿನಗಳಲ್ಲಿ ಎಲ್ಲರ ಕಣ್ಣಿಗೂ ಕಂಡಿತು.

ತಲೆಯೊಳಗೆ ಆಗುವುದೇನು

"ತಲೆಯ ನರ ತುಂಡಾಯಿತು" ಎಂದು ನಮ್ಮವರು ಹೇಳುತ್ತಾರೆ. ತುಂಡಾಗುವುದು ನರವಲ್ಲ, ರಕ್ತನಾಳ. ಪಕ್ಷವಾತ, ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಂದು ನಾವು ಕರೆಯುವ ಕಾಯಿಲೆಯಲ್ಲಿ ಎರಡು ಬಗೆ. ಹೆಚ್ಚಿನವರಲ್ಲಿ ನಾಳ ಕಟ್ಟಿಕೊಳ್ಳುತ್ತದೆ, ಉಳಿದವರಲ್ಲಿ ಒಡೆಯುತ್ತದೆ. ಪಶ್ಚಿಮದ ದೇಶಗಳಲ್ಲಿ ಒಡೆಯುವ ಬಗೆ ನೂರಕ್ಕೆ ಹತ್ತು ಹದಿನೈದಾದರೆ ಏಷ್ಯಾದಲ್ಲಿ ಅದಕ್ಕಿಂತ ಹೆಚ್ಚು. ಪೆಟ್ಟು ಬೀಳದೆ, ತಾನಾಗಿ ಮಿದುಳಿನ ಒಳಗೇ ಆಗುವ ಈ ರಕ್ತಸ್ರಾವವೇ ಇಂದಿನ ವಿಷಯ. ಮಿದುಳಿನ ಹೊರಮೈಯ ನಾಳದಲ್ಲಿ ಗುಳ್ಳೆ ಒಡೆದು ಆಗುವ ಸ್ರಾವದ ಚಿಕಿತ್ಸೆ ಬೇರೆ. ಅದಕ್ಕೆ ಇನ್ನೊಂದು ದಿನವೇ ಬೇಕು.

ಈ ಊರಿನ ಹೆಸರೇ ಪಂಪು ಮತ್ತು ಬಾವಿಯದು, ಹಾಗಾಗಿ ಇಲ್ಲಿ ವಿವರಿಸುವುದು ಸುಲಭ. ಹೃದಯವೆಂಬ ಪಂಪು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಒತ್ತುತ್ತದೆ. ಮಿದುಳಿನ ಆಳಕ್ಕೆ ನೀರುಣಿಸುವ ಕವಲುಗಳು ಕೂದಲಿನಂಥವು. ಅವು ದೊಡ್ಡ ನಾಳದಿಂದ ನೇರವಾಗಿ ಒಡೆದು ಹೋಗುವುದರಿಂದ ಮುಖ್ಯ ಪೈಪಿನ ಒತ್ತಡವೆಲ್ಲ ಅವುಗಳ ಮೇಲೇ ಬೀಳುತ್ತದೆ. ಹತ್ತು ಹದಿನೈದು ವರ್ಷ ಬಿ.ಪಿ. ಏರಿಯೇ ಇದ್ದರೆ ಆ ನಾಳದ ಗೋಡೆ ಜೀರ್ಣವಾಗುತ್ತದೆ. ಪ್ಯಾರಿಸ್ಸಿನ ವೈದ್ಯರಾದ ಶಾರ್ಕೋ ಮತ್ತು ಬುಶಾರ್ 1868ರಲ್ಲಿಯೇ ಇಂಥ ನಾಳಗಳಲ್ಲಿ ಸಣ್ಣ ಉಬ್ಬುಗಳನ್ನು ಗುರುತಿಸಿ ಬರೆದರು. ಒಂದು ಬೆಳಿಗ್ಗೆ ಒಂದು ಕವಲು ಒಡೆಯುತ್ತದೆ. ಮುದಿವಯಸ್ಸಿನಲ್ಲಿ ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪದಾರ್ಥ ಕೂತು ಮಿದುಳಿನ ಹೊರಭಾಗದಲ್ಲಿ ಸ್ರಾವವಾಗುವುದುಂಟು. ಎಳೆಯರಲ್ಲಿ ಹುಟ್ಟಿನಿಂದ ಬಂದ ನಾಳಗಳ ಸಿಕ್ಕುಗಂಟು ಕಾರಣವಾಗಬಹುದು. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಲ್ಲಿ ಸಣ್ಣ ಸ್ರಾವವೂ ದೊಡ್ಡದಾಗುತ್ತದೆ.

ತಲೆಬುರುಡೆ ಹಿಗ್ಗುವುದಿಲ್ಲ. ಹಾಗಾಗಿ ಎಷ್ಟು ರಕ್ತ ಎಂಬುದೇ ಮುಖ್ಯ ಪ್ರಶ್ನೆ. 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ದಾಟಿದರೆ ಅಪಾಯ ಹೆಚ್ಚು. ಬುರುಡೆ ತೆರೆಯದೆ ಇದನ್ನು ಅಳೆಯಲು ಸಾಧ್ಯವಾದದ್ದು 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದ ಮೇಲೆ. ಆ ಯಂತ್ರ ಇನ್ನೊಂದು ಸತ್ಯವನ್ನೂ ತೋರಿಸಿತು. ಒಡೆದದ್ದು ಒಂದೇ ಏಟಿಗೆ ನಿಲ್ಲುವುದಿಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ಆಗಿ ಒಂದು ಗಂಟೆಯೊಳಗೇ ನೂರಕ್ಕೆ 26 ಮಂದಿಯಲ್ಲಿ ರಕ್ತದ ಗಡ್ಡೆ ಬೆಳೆದಿತ್ತು. ಇಪ್ಪತ್ತು ಗಂಟೆ ಕಳೆಯುವಾಗ ಅವರ ಸಂಖ್ಯೆ 38 ಆಗಿತ್ತು. ನಮ್ಮ ಅವಸರಕ್ಕೆ ಕಾರಣ ಇದೇ. ಆದ ಹಾನಿಯನ್ನು ಇಲ್ಲವಾಗಿಸಲಾಗದು, ಆಗುತ್ತಿರುವುದನ್ನು ತಡೆಯಬಹುದು.

ಮೊದಲ ಗಂಟೆ

ಮನೆಯಲ್ಲಿ ಕಾಣುವುದು ಹೀಗೆ: ಮಾತಾಡುತ್ತಿದ್ದವರ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಕೈಯಿಂದ ಲೋಟ ಜಾರುತ್ತದೆ, ಮಾತು ತೊದಲುತ್ತದೆ. ಜೊತೆಗೆ ಜೋರು ತಲೆನೋವು, ವಾಂತಿ, ನೋಡನೋಡುತ್ತ ಮಂಪರು ಬಂದರೆ ರಕ್ತಸ್ರಾವದ ಗುಮಾನಿ ಹೆಚ್ಚು. ಆದರೆ ಕಟ್ಟಿಕೊಂಡದ್ದೋ ಒಡೆದದ್ದೋ ಎಂದು ಕಣ್ಣಳತೆಯಲ್ಲಿ ಯಾವ ವೈದ್ಯನೂ ಖಂಡಿತವಾಗಿ ಹೇಳಲಾರ. ಸಿ.ಟಿ. ಸ್ಕ್ಯಾನ್ ಮಾತ್ರ ಹೇಳುತ್ತದೆ.

ಅದಕ್ಕಾಗಿಯೇ ಮೂರು ಸಂಗತಿಗಳನ್ನು ಮನೆಯಲ್ಲಿ ಮಾಡಬೇಡಿ. ಆಸ್ಪಿರಿನ್ ಕೊಡಬೇಡಿ, ಒಡೆದ ನಾಳಕ್ಕೆ ಅದು ವಿಷ. ಬಿ.ಪಿ. ಇಳಿಸಲೆಂದು ನಾಲಿಗೆಯ ಅಡಿಗೆ ಮಾತ್ರೆ ಇಡಬೇಡಿ. ಚೀನಾದಲ್ಲಿ ಆಂಬುಲೆನ್ಸಿನಲ್ಲಿಯೇ ಬಿ.ಪಿ. ಇಳಿಸಿ ನೋಡಿದ ದೊಡ್ಡ ಪ್ರಯೋಗದ ಫಲ 2024ರಲ್ಲಿ ಪ್ರಕಟವಾಯಿತು. ರಕ್ತಸ್ರಾವ ಆದವರಿಗೆ ಅದು ಒಳಿತು ಮಾಡಿತು, ನಾಳ ಕಟ್ಟಿಕೊಂಡವರಿಗೆ ಕೆಡುಕು ಮಾಡಿತು. ಯಾವುದೆಂದು ತಿಳಿಯುವ ಮೊದಲು ಮಾತ್ರೆ ಕೊಡುವುದು ಕುರುಡು ಹೊಡೆತ. ಮೂರನೆಯದು, ಬಾಯಿಗೆ ನೀರು ಹಾಕಬೇಡಿ; ನುಂಗಲಾರದವರ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ, ಸಿ.ಟಿ. ಇರುವ ಆಸ್ಪತ್ರೆಗೇ ನೇರ ಹೊರಡಿ. ಪಕ್ಷವಾತದ ಎಣ್ಣೆ, ಕಷಾಯ, ಹರಕೆಗಳಿಗೆ ಆಮೇಲೆ ಸಮಯವಿದೆ. ರೋಗಿ ತಿನ್ನುತ್ತಿರುವ ಮಾತ್ರೆಗಳ ಚೀಲ ಮಾತ್ರ ಜೊತೆಗಿರಲಿ. ಅದರಲ್ಲಿ ರಕ್ತ ತೆಳುಮಾಡುವ ಮಾತ್ರೆ ಇದೆಯೋ ಎಂಬುದು ನಮಗೆ ಗೊತ್ತಾಗಬೇಕು.

ಆಸ್ಪತ್ರೆ ತಲುಪಿದ ಮೇಲೆ ನಾವು ಮಾಡಬೇಕಾದ್ದು ಮಾಯಾಜಾಲವಲ್ಲ. ಭಾರತವೂ ಸೇರಿ ಹತ್ತು ದೇಶಗಳ 121 ಆಸ್ಪತ್ರೆಗಳಲ್ಲಿ, 7036 ರೋಗಿಗಳ ಮೇಲೆ ನಡೆದ ಇಂಟರಾಕ್ಟ್-3 ಎಂಬ ಅಧ್ಯಯನ 2023ರಲ್ಲಿ ಹೊರಬಂತು. ಅಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ಮೇಲಿನ ಬಿ.ಪಿ.ಯನ್ನು ಒಂದು ಗಂಟೆಯೊಳಗೆ 140ರ ಕೆಳಗೆ ತರುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಜ್ವರವನ್ನು ಇಳಿಸುವುದು, ರಕ್ತ ತೆಳುಮಾಡುವ ವಾರ್ಫರಿನ್ ತಿನ್ನುವವರಲ್ಲಿ ಅದರ ಪ್ರಭಾವವನ್ನು ಬೇಗ ತೆಗೆಯುವುದು, ಈ ನಾಲ್ಕನ್ನು ಒಟ್ಟಿಗೆ, ತಡಮಾಡದೆ ಮಾಡಿದರು. ಆರು ತಿಂಗಳ ಬಳಿಕ ನೋಡಿದರೆ ಕೆಟ್ಟ ಫಲದ ಸಂಭವ ಸುಮಾರು ಶೇ. 14ರಷ್ಟು ತಗ್ಗಿತ್ತು.

ಹಿಂದಿನ ದಶಕಗಳಲ್ಲಿ ಚುಚ್ಚುಮದ್ದುಗಳಿಂದ ರಕ್ತ ನಿಲ್ಲಿಸಲು ಪ್ರಯತ್ನ ನಡೆಯಿತು. 2018ರಲ್ಲಿ ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಂಥ ಒಂದು ಔಷಧವನ್ನು 2325 ರೋಗಿಗಳಲ್ಲಿ ಪರೀಕ್ಷಿಸಿದರು. ಮೂರು ತಿಂಗಳ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಸ್ಪಿರಿನ್ ತಿನ್ನುತ್ತಿದ್ದವರಿಗೆ ಪ್ಲೇಟ್‌ಲೆಟ್ ಕೊಟ್ಟರೆ ಕೆಡುಕೇ ಹೆಚ್ಚೆಂದು 2016ರಲ್ಲಿ ತಿಳಿಯಿತು. ಕೊನೆಗೂ ಗೆದ್ದದ್ದು ಬಿ.ಪಿ. ಪಟ್ಟಿ, ಗ್ಲೂಕೋಮೀಟರ್, ಥರ್ಮಾಮೀಟರ್, ಮತ್ತು ಅವನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡುವ ದಾದಿಯ ಕಣ್ಣು. ಇದು ನನ್ನಂಥ ಶಸ್ತ್ರಚಿಕಿತ್ಸಕನಿಗೆ ವಿನಯ ಕಲಿಸುವ ಪಾಠ, ತಾಲೂಕು ಆಸ್ಪತ್ರೆಗಳಿಗೆ ಧೈರ್ಯ ಕೊಡುವ ಪಾಠ. ಸ್ಕ್ಯಾನ್ ಇರುವ ಯಾವ ಊರಿನಲ್ಲೂ ಈ ಚಿಕಿತ್ಸೆ ಪಂಪ್‌ವೆಲ್ ತಲುಪುವ ಮೊದಲೇ ಶುರುವಾಗಬಹುದು.

ಇದು ಆಗದ ಮಾತಲ್ಲ. ಹೃದಯಕ್ಕೆ ಸಂಬಂಧಿಸಿ ನಮ್ಮ ಊರೇ ದಾರಿ ತೋರಿಸಿದೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ತಲುಪಿಸಿ, ವಾಟ್ಸಾಪ್ ಗುಂಪಿನಲ್ಲಿ ವರದಿ ನೋಡಿ ಅಲ್ಲಿಯ ವೈದ್ಯರಿಗೆ ಆಗಲೇ ಸಲಹೆ ಕೊಡುವ ಕ್ರಮವನ್ನು ಬೆಳೆಸಿದರು. ಮಿದುಳಿಗೂ ಅಂಥದೊಂದು ಗುಂಪು ಬೇಕು. ಕಿರಿಯ ವೈದ್ಯಮಿತ್ರರಲ್ಲಿ ನನ್ನ ಬೇಡಿಕೆ ಇದು.

ಕತ್ತಿ ಎಲ್ಲಿ ಬೇಕು

ಬೆಂಚಿನವರು ಕೇಳುವ ಒಂದು ಪ್ರಶ್ನೆ: "ಆಪರೇಷನ್ ಮಾಡಿ ರಕ್ತ ತೆಗೆಯುವುದಾ ಡಾಕ್ಟ್ರೇ?" ತೆಗೆದರೆ ಸರಿಹೋಗುತ್ತದೆ ಎಂದು ನಾವೂ ಬಹುಕಾಲ ನಂಬಿದ್ದೆವು. 27 ದೇಶಗಳ 1033 ರೋಗಿಗಳ ಮೇಲೆ ನಡೆದ ಸ್ಟಿಚ್ ಅಧ್ಯಯನ 2005ರಲ್ಲಿ ಆ ನಂಬಿಕೆಯನ್ನು ಅಲುಗಾಡಿಸಿತು. ಬೇಗ ಆಪರೇಷನ್ ಮಾಡಿದವರಲ್ಲಿ ಒಳ್ಳೆಯ ಫಲ ಕಂಡದ್ದು ನೂರಕ್ಕೆ 26 ಮಂದಿಯಲ್ಲಿ, ಔಷಧದಿಂದಲೇ ನೋಡಿಕೊಂಡವರಲ್ಲಿ 24 ಮಂದಿಯಲ್ಲಿ. ಆ ಅಂತರ ಅಂತರವೇ ಅಲ್ಲ. ಆಳದ ಗಡ್ಡೆಯನ್ನು ಮುಟ್ಟಲು ಒಳ್ಳೆಯ ಮಿದುಳನ್ನು ಸೀಳಿಕೊಂಡು ಹೋಗಬೇಕಾಗುತ್ತದೆ. ತೆಗೆದ ರಕ್ತದ ಲಾಭ ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಕತ್ತಿಗೆ ಕೆಲಸವಿಲ್ಲವೆಂದಲ್ಲ. ಹಿಂದಲೆಯ ಕಿರುಮಿದುಳಿನಲ್ಲಿ ದೊಡ್ಡ ಗಡ್ಡೆಯಾಗಿ ಉಸಿರಿನ ಕೇಂದ್ರವನ್ನು ಒತ್ತುತ್ತಿದ್ದರೆ ಆಪರೇಷನ್ ಜೀವ ಉಳಿಸುತ್ತದೆ, ಅಲ್ಲಿ ಒಂದು ಗಂಟೆಯೂ ದುಬಾರಿ. ರಕ್ತ ಮಿದುಳಿನ ನೀರಿನ ಕೋಣೆಗಳಿಗೆ ಇಳಿದು ಹರಿವು ಕಟ್ಟಿಕೊಂಡರೆ ಸಣ್ಣ ನಳಿಗೆ ಇಟ್ಟು ನೀರು ಹೊರಬಿಡುತ್ತೇವೆ. ಮೇಲ್ಪದರದ ಗಡ್ಡೆಯನ್ನು 24 ಗಂಟೆಯೊಳಗೆ ಬೆರಳು ಗಾತ್ರದ ಕೊಳವೆಯ ಮೂಲಕ ತೆಗೆದರೆ ಫಲ ಉತ್ತಮವೆಂದು 300 ರೋಗಿಗಳ ಎನ್‌ರಿಚ್ ಅಧ್ಯಯನ 2024ರಲ್ಲಿ ತೋರಿಸಿದೆ. ಆಳದ ಗಡ್ಡೆಗೆ ಅದರಲ್ಲಿಯೂ ಲಾಭ ಕಾಣಲಿಲ್ಲ. ಆದ್ದರಿಂದ "ಆಪರೇಷನ್ ಬೇಡ" ಎಂದು ವೈದ್ಯರು ಹೇಳಿದಾಗ ಅದನ್ನು ಕೈಚೆಲ್ಲಿದ ಮಾತೆಂದು ತಿಳಿಯಬೇಡಿ. ಹಲವರಿಗೆ ಅದೇ ಸರಿಯಾದ ಚಿಕಿತ್ಸೆ.

ಎರಡು ದಿನದ ತಾಳ್ಮೆ

ಬೆಂಚಿನವರ ಇನ್ನೊಂದು ಪ್ರಶ್ನೆಯನ್ನು ಅವರು ಕೇಳುವುದು ತಗ್ಗಿದ ದನಿಯಲ್ಲಿ: "ಮನೆಗೆ ಕೊಂಡುಹೋಗುವುದಾ?"

ಅಂಕಿಗಳು ಕಠಿಣವಾಗಿವೆ, ಮುಚ್ಚಿಡುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಲೆಕ್ಕದಂತೆ ತಿಂಗಳೊಳಗೆ ನೂರಕ್ಕೆ ಸುಮಾರು ನಲವತ್ತು ಮಂದಿ ತೀರಿಕೊಳ್ಳುತ್ತಾರೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬರುವವರು, ಅಧ್ಯಯನದಿಂದ ಅಧ್ಯಯನಕ್ಕೆ, ನೂರಕ್ಕೆ 12ರಿಂದ 39. ಪ್ರಜ್ಞೆಯ ಮಟ್ಟ, ರಕ್ತದ ಪ್ರಮಾಣ, ನೀರಿನ ಕೋಣೆಗೆ ರಕ್ತ ಇಳಿದಿದೆಯೇ, ಗಡ್ಡೆ ಹಿಂದಲೆಯ ಭಾಗದಲ್ಲಿದೆಯೇ, ವಯಸ್ಸು 80 ದಾಟಿದೆಯೇ, ಈ ಐದನ್ನು ನೋಡಿ ಸೊನ್ನೆಯಿಂದ ಆರರವರೆಗೆ ಅಂಕ ಹಾಕುವ ಕ್ರಮ 2001ರಿಂದ ಬಳಕೆಯಲ್ಲಿದೆ.

ಆದರೆ ಅದೇ 2001ರಲ್ಲಿ ಇನ್ನೊಂದು ಬರಹವೂ ಬಂತು. ಅದು ಹೇಳಿದ್ದು ಇದು: ಆಸೆಯಿಲ್ಲವೆಂದು ವೈದ್ಯರು ಮೊದಲೇ ತೀರ್ಮಾನಿಸಿ ಚಿಕಿತ್ಸೆ ನಿಲ್ಲಿಸಿದಲ್ಲಿ ರೋಗಿ ಸಾಯುತ್ತಾನೆ. ಆ ಸಾವು ಅಂಕಿಯಾಗಿ ಪುಸ್ತಕ ಸೇರುತ್ತದೆ. ಆ ಪುಸ್ತಕ ನೋಡಿ ಮುಂದಿನ ವೈದ್ಯ ಮುಂದಿನ ರೋಗಿಗೆ ಆಸೆಯಿಲ್ಲ ಎನ್ನುತ್ತಾನೆ. ನಾವು ಓದುವ ಅಂಕಿಗಳಲ್ಲಿ ಒಂದು ಪಾಲು ಕಾಯಿಲೆಯದು, ಒಂದು ಪಾಲು ನಮ್ಮ ಬಾಯಿಯದು. ಅದಕ್ಕೇ ಅಮೆರಿಕದ 2022ರ ಮಾರ್ಗಸೂಚಿ ಹೇಳುತ್ತದೆ: ರೋಗಿ ಮೊದಲೇ ಬೇರೆ ಇಚ್ಛೆ ತಿಳಿಸಿರದಿದ್ದರೆ, ಚಿಕಿತ್ಸೆಗೆ ಮಿತಿ ಹಾಕುವ ನಿರ್ಧಾರವನ್ನು ಕಡಿಮೆಯೆಂದರೆ ದಾಖಲಾತಿಯ ಎರಡನೆಯ ಪೂರ್ಣ ದಿನದವರೆಗೆ ಮುಂದೂಡಬೇಕು.

ಈ ಮಾತು ನನಗೆ ತಾಗುವುದು ಪುಸ್ತಕದಿಂದಲ್ಲ. ನಾನು ಇನ್ನೂ ಕಲಿಯುತ್ತಿದ್ದ ದಿನಗಳಲ್ಲಿ ಗಟ್ಟದ ಕಡೆಯಿಂದ ಬಂದ ಒಬ್ಬ ಬಸ್ ಕಂಡಕ್ಟರನ್ನು ರಾತ್ರಿ ಎರಡು ಗಂಟೆಗೆ ನೋಡಿದೆ. ಪ್ರಜ್ಞೆ ಇರಲಿಲ್ಲ, ಗಡ್ಡೆ ದೊಡ್ಡದಿತ್ತು. ಅವರ ತಮ್ಮನಿಗೆ, "ಆಸೆ ಇಟ್ಟುಕೊಳ್ಳಬೇಡಿ" ಎಂದೆ. ಬೆಳಗಾಗುವ ಮೊದಲು ಜೀಪಿನಲ್ಲಿ ಮನೆಗೆ ಕೊಂಡುಹೋದರು. ಮೂರು ವಾರದ ನಂತರ ಆ ತಮ್ಮ ದಾಖಲೆ ಪತ್ರಕ್ಕಾಗಿ ಬಂದಿದ್ದರು. ಅಣ್ಣ ಒಂಬತ್ತು ದಿನ ಇದ್ದರು ಎಂದರು. ನಾಲ್ಕನೆಯ ದಿನ ಕಣ್ಣು ಬಿಟ್ಟಿದ್ದರಂತೆ. ಅತ್ತಿಗೆ ಚಮಚದಲ್ಲಿ ಗಂಜಿತಿಳಿ ಕೊಡುತ್ತಿದ್ದರಂತೆ, ಆಮೇಲೆ ಕಫ ಕಟ್ಟಿತಂತೆ. ಅವರ ದನಿಯಲ್ಲಿ ದೂರು ಇರಲಿಲ್ಲ. ಅವರು ಹೋದ ಮೇಲೆ ನಾನು ಬಹಳ ಹೊತ್ತು ಆ ಫೈಲನ್ನು ಹಿಡಿದುಕೊಂಡೇ ಕುಳಿತಿದ್ದೆ. ಚಿಕಿತ್ಸೆಯೇ ಇಲ್ಲದೆ ಕಣ್ಣು ಬಿಟ್ಟ ಮನುಷ್ಯ ಚಿಕಿತ್ಸೆ ಇದ್ದಿದ್ದರೆ ಏನಾಗುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಉತ್ತರ ಇಲ್ಲದಂತೆ ಮಾಡಿದವನು ನಾನು.

ತಾಳ್ಮೆ ಎಂದರೆ ಸುಳ್ಳು ಆಸೆಯಲ್ಲ. ಎರಡು ಮೂರು ದಿನ ಪೂರ್ತಿ ಚಿಕಿತ್ಸೆ ಕೊಟ್ಟು ನೋಡಿದ ಮೇಲೂ ಇಳಿಮುಖವೇ ಆದರೆ, ರೋಗಿ ಎಂಥ ಬದುಕನ್ನು ಬಯಸುತ್ತಿದ್ದರು ಎಂದು ಮನೆಯವರೊಡನೆ ಕುಳಿತು ಮಾತಾಡಬೇಕು. ಆಗ ನೋವಿಲ್ಲದಂತೆ ಬೀಳ್ಕೊಡುವುದೂ ವೈದ್ಯಧರ್ಮವೇ. ಮೊದಲ ರಾತ್ರಿಯ ಗಾಬರಿಯಲ್ಲಿ, ಸಾಲದ ಹೆದರಿಕೆಯಲ್ಲಿ ಆ ತೀರ್ಮಾನ ಆಗಬಾರದು. ಖರ್ಚಿನ ಮಾತು ಬಂದಾಗ ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ನೆರವಿದೆ ಎಂಬುದನ್ನು ನಾವೇ ಮೊದಲು ಹೇಳಬೇಕು, ಅವರು ಕೇಳಲೆಂದು ಕಾಯಬಾರದು.

ಮನೆಗೆ ಬಂದ ಮೇಲೆ

ಉಳಿದವರ ಕತೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ರಕ್ತ ಕರಗಲು ವಾರಗಳು ಬೇಕು, ಮಿದುಳು ಹೊಸ ದಾರಿ ಹುಡುಕಿಕೊಳ್ಳಲು ತಿಂಗಳುಗಳು ಬೇಕು. ಮೊದಲ ಆರು ತಿಂಗಳಲ್ಲಿ ವೇಗ ಹೆಚ್ಚು, ಆಮೇಲೂ ನಿಲ್ಲುವುದಿಲ್ಲ. ಮೂರನೆಯ ತಿಂಗಳಿಗೇ "ಇನ್ನು ಇಷ್ಟೇ" ಎಂದು ಫಿಸಿಯೋಥೆರಪಿ ನಿಲ್ಲಿಸುವುದೂ ಅವಸರದ ತೀರ್ಪೇ.

ಮಾತು ಹೋದವರ ಸಂಗತಿ ನಮ್ಮ ಊರಿನಲ್ಲಿ ವಿಶೇಷ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ಗಡಿಯ ಆಚೆ ಮಲಯಾಳ. ಒಂದೇ ತಲೆಯಲ್ಲಿ ನಾಲ್ಕೈದು ಭಾಷೆ. ಬಹುಭಾಷಿಕರಲ್ಲಿ ಎಲ್ಲ ಭಾಷೆಯೂ ಒಟ್ಟಿಗೇ ಮರಳಬೇಕೆಂದಿಲ್ಲ. ಹೆಚ್ಚು ಬಳಕೆಯ ಭಾಷೆ ಮೊದಲು ಬರುವುದುಂಟು ಎಂದು ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲೇ ಬರೆದರು. ಹಾಗಾಗಿ ಆಸ್ಪತ್ರೆಯಲ್ಲಿ ಕನ್ನಡದ ಪ್ರಶ್ನೆಗೆ ಉತ್ತರಿಸದ ಅಜ್ಜಿಯನ್ನು "ಮಾತಿಲ್ಲ" ಎಂದು ಬರೆದುಬಿಡುವ ಮೊದಲು, ಮೊಮ್ಮಗಳು ತುಳುವಿನಲ್ಲಿ ಒಮ್ಮೆ ಕರೆಯಲಿ. ವಾಕ್‌ಚಿಕಿತ್ಸೆ ರೋಗಿಯ ಅಡುಗೆಮನೆಯ ಭಾಷೆಯಲ್ಲಿ ಶುರುವಾಗಲಿ.

ಆರೈಕೆ ಮಾಡುವವರ ಬಗ್ಗೆಯೂ ಒಂದು ಮಾತು. ನಾನು ಕಂಡ ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಮಗಳು, ಸೊಸೆ. ಬೀಡಿ ಕಟ್ಟುವ ಕೈಯೇ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುತ್ತದೆ. ಆ ಕೈಗೆ ತರಬೇತಿ ಕೊಡದೆ ಬಿಡುಗಡೆಯ ಚೀಟಿ ಬರೆಯಬಾರದು.

ಒಂದು ಮಾತ್ರೆಯ ಕತೆ

ಕೊನೆಗೆ, ಈ ಕಾಯಿಲೆ ಬಾರದಂತೆ ತಡೆಯುವ ಮಾತು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 63ನೆಯ ವಯಸ್ಸಿನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆ ದಿನ ಅವರ ಬಿ.ಪಿ. 300/190 ಇತ್ತು. ವರ್ಷಗಳಿಂದ ಅದು ಏರುತ್ತಲೇ ಇದ್ದುದನ್ನು ವೈದ್ಯರು ಅಳೆದು ಬರೆದಿದ್ದರು. ಇಳಿಸಲು ಕೈಯಲ್ಲಿ ತಕ್ಕ ಔಷಧ ಇರಲಿಲ್ಲ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಸರ್ಪಗಂಧದ ಬೇರು ಬಿ.ಪಿ. ಇಳಿಸುತ್ತದೆಂದು ಬ್ರಿಟನ್ನಿನ ಹೃದಯವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಜಗತ್ತು ಭಾರತದ ಕಡೆ ತಿರುಗಿ ನೋಡಿತು. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲೂ ಬೆಳೆಯುವ ಗಿಡ ಅದು. ಈಗ ಅದಕ್ಕಿಂತ ಸುರಕ್ಷಿತವಾದ ಮಾತ್ರೆಗಳು ಜನೌಷಧಿ ಅಂಗಡಿಯಲ್ಲಿ ಚಹಾದ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಜಗತ್ತಿನ ಅತಿ ಪ್ರಬಲ ಮನುಷ್ಯನಿಗೆ ಸಿಗದಿದ್ದ ಔಷಧ ಉಳ್ಳಾಲದ ಮೀನುಗಾರನಿಗೆ ಸಿಗುತ್ತದೆ.

ಆದರೂ 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದಂತೆ ನಮ್ಮ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿ.ಪಿ. ಇದೆ. ಒಮ್ಮೆ ಸ್ಟ್ರೋಕ್ ಆದವರಲ್ಲಿ ಬಿ.ಪಿ. ಇಳಿಸಿದರೆ ರಕ್ತಸ್ರಾವದ ಸಂಭವ ಅರ್ಧದಷ್ಟಾಗುತ್ತದೆ ಎಂದು 2001ರ ಪ್ರೋಗ್ರೆಸ್ ಅಧ್ಯಯನ ತೋರಿಸಿತು. ಇಷ್ಟು ದೊಡ್ಡ ಲಾಭ ನನ್ನ ಯಾವ ಆಪರೇಷನ್ನಿನಲ್ಲೂ ಇಲ್ಲ. "ತಲೆನೋವಿಲ್ಲ, ತಲೆಸುತ್ತಿಲ್ಲ, ಮತ್ತೆ ಮಾತ್ರೆ ಯಾಕೆ" ಎಂದು ನಿಲ್ಲಿಸುವವರೇ ಹೆಚ್ಚಾಗಿ ನನ್ನ ಬಳಿ ಬರುತ್ತಾರೆ. ಬಿ.ಪಿ.ಗೆ ನೋವಿಲ್ಲ, ಒಡೆಯುವವರೆಗೆ. ಉಪ್ಪಿನ ಮಾತೂ ಹಾಗೆಯೇ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ, ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಒಣಮೀನು, ಉಪ್ಪು ಹಾಕಿಟ್ಟ ಹಲಸಿನ ಸೊಳೆ, ಹಪ್ಪಳ ಸೇರುವಾಗ ಆ ಚಮಚ ತುಂಬಿ ಚೆಲ್ಲುತ್ತದೆ. ಬಿಡಿ ಎನ್ನುವುದಿಲ್ಲ, ಒಂದೇ ಊಟಕ್ಕೆ ಎಲ್ಲವೂ ಬೇಡ ಎನ್ನುತ್ತೇನೆ.

ಬಂಧುಗಳೇ, ಈ ದತ್ತಿಯನ್ನು ಇರಿಸಿದ ಮಕ್ಕಳಿಗೆ ನಾನೊಂದು ಮಾತು ಕೊಟ್ಟು ಮುಗಿಸುತ್ತೇನೆ. ನಾನಿರುವ ಐಸಿಯುವಿನ ಹೊರಗೆ ಮೊದಲ ರಾತ್ರಿ ಯಾರಿಗೂ "ಆಸೆ ಇಲ್ಲ" ಎಂದು ನಾನು ಹೇಳುವುದಿಲ್ಲ, ನನ್ನ ಕಿರಿಯರೂ ಹೇಳದಂತೆ ನೋಡಿಕೊಳ್ಳುತ್ತೇನೆ. ನೀವೂ ನನಗೊಂದು ಮಾತು ಕೊಡಬೇಕು. ಇಂದು ರಾತ್ರಿ ಮನೆಗೆ ಹೋದ ಮೇಲೆ ಅಪ್ಪ ಅಮ್ಮನ, ಅತ್ತೆ ಮಾವನ ಬಿ.ಪಿ. ಮಾತ್ರೆಯ ಸ್ಟ್ರಿಪ್ ಕೈಗೆತ್ತಿಕೊಳ್ಳಿ. ತಾರೀಕಿಗೂ ಉಳಿದ ಮಾತ್ರೆಗೂ ತಾಳೆ ನೋಡಿ. ಉಳಿಯಬಾರದಷ್ಟು ಉಳಿದಿದ್ದರೆ ಗದರಬೇಡಿ, ಪಕ್ಕದಲ್ಲಿ ಕುಳಿತು ಯಾಕೆಂದು ಕೇಳಿ.